ಸುಮ್ಮನೆ ಕೂರುವ ಕೆಲಸ

ನವೆಂಬರ್ 3, ಸೋಮವಾರ. ಸಂಜೆ 6

ಇವತ್ತು ನೂರ ಹನ್ನೆರಡು ಕಿಲೋಮೀಟರ್. ಸ್ಟಿಯರಿಂಗ್ ಮುಟ್ಟಿದ್ದು ಎರಡೇ ಸಲ. ಒಮ್ಮೆ ಕೋಟೆ ಹಿಂದಿನ ತಿರುವಿನಲ್ಲಿ ಒಬ್ಬಾತ ಏಣಿ ಹೊತ್ತು ಸೈಕಲ್ ಮೇಲೆ ಬಂದಾಗ, ಇನ್ನೊಮ್ಮೆ ಕೆಲಸ ಮುಗಿದು ಶೆಡ್ಡಿಗೆ ಹಾಕುವಾಗ. ಮಿಕ್ಕ ಹೊತ್ತೆಲ್ಲ ಕೈ ತೊಡೆಯ ಮೇಲೆ. ಕಾಲು ಬ್ರೇಕಿಗೆ ತಾಗದ ಹಾಗೆ, ಬ್ರೇಕಿನ ಮೇಲೆಯೇ. ಮನೆಗೆ ಬಂದರೂ ಬಲಗಾಲು ಸುಮ್ಮನಿರುವುದಿಲ್ಲ. ಮೇಜಿನ ಕೆಳಗೆ ಏನನ್ನೋ ಒತ್ತುತ್ತಲೇ ಇರುತ್ತದೆ.

ಇಪ್ಪತ್ತೆರಡು ವರ್ಷ ಈ ಫೆರಾರಾ ಊರಲ್ಲಿ ಸಿಟಿ ಬಸ್ ಓಡಿಸಿದವಳು ನಾನು. ಈಗ ತಾನೇ ಓಡುವ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು, ಓಡಿಸದೆ ಇರುವುದಕ್ಕೆ ಸಂಬಳ. ಅದು ತಪ್ಪಿದರೆ ಮಾತ್ರ ನಾನು ಹಿಡಿಯಬೇಕು. ಹಿಂದಿನ ಸೀಟಿನಲ್ಲಿ ಎಂಜಿನಿಯರ್ ರುಜ್ಜೇರೊ, ತೊರಿನೊ ಊರಿನವನು, ಮಡಿಲಲ್ಲಿ ಲ್ಯಾಪ್‌ಟಾಪ್. ಎದುರಿಗೆ ನನ್ನ ಕಣ್ಣನ್ನೇ ಕಾಯುವ ಪುಟ್ಟ ಕ್ಯಾಮೆರಾ. ಎರಡು ಸೆಕೆಂಡ್ ರಸ್ತೆ ಬಿಟ್ಟು ಬೇರೆ ಕಡೆ ನೋಡಿದರೆ ಕೀಂಯ್ ಅನ್ನುತ್ತದೆ.

ಜನವರಿ ಹನ್ನೆರಡರಿಂದ ನನ್ನ ಸೀಟೂ ಖಾಲಿಯಂತೆ. ಆಮೇಲೆ ಕಾರು ಒಂದೇ ಓಡುತ್ತದೆ.

ಬಿಳಿ ಕಾರು, ತಲೆಯ ಮೇಲೆ ಕ್ಯಾಮೆರಾಗಳ ಬಿಳಿ ಟೊಪ್ಪಿಗೆ, ಥೇಟ್ ಚರ್ಚಿನ ಸನ್ಯಾಸಿನಿ… ಊರವರು ಅದಕ್ಕೆ ಸಿಸ್ಟರ್ ಅಂತ ಹೆಸರಿಟ್ಟಿದ್ದಾರೆ. ಗಂಡ ಇವಾನೊ ಅಂಗಡಿಯಿಂದ ಬಂದವನೇ ಕೇಳಿದ, “ಏನೇ, ನಿನ್ ಸಿಸ್ಟರ್ ಇವತ್ತು ಯಾರ್ಯಾರಿಗೆ ಆಶೀರ್ವಾದ ಮಾಡಿದ್ಲು?” ಅವನು ಸೈಕಲ್ ರಿಪೇರಿಯವನು, ಜೊತೆಗೆ ಸೈಕಲ್ ಸಂಘದ ಕಾರ್ಯದರ್ಶಿ. ದಿನಾ ಇದೇ ಕೇಳುತ್ತಾನೆ. ದಿನಾ ನಾನು ಸೂಪು ಬಡಿಸುತ್ತೇನೆ.

ನವೆಂಬರ್ 6, ಗುರುವಾರ. ಸಂಜೆ

ದಟ್ಟ ಮಂಜು. ಕಾರಿನ ಮೂತಿಯೇ ಕಾಣದಷ್ಟು. ಊರ ಗೋಡೆಯ ಹೊರಗಿನ ರಸ್ತೆ. ಕಾರು ಇದ್ದಕ್ಕಿದ್ದಂತೆ ನಿಧಾನ ಮಾಡಿತು. ನನಗೆ ಬರೀ ಬೂದು ಬಣ್ಣ. ನಾಲ್ಕು ಎಣಿಸುವಷ್ಟು ಹೊತ್ತಾದ ಮೇಲೆ ಒಬ್ಬ ಮುದುಕ — ಲೈಟಿಲ್ಲ, ಕಪ್ಪು ಕೋಟು, ರಸ್ತೆಯ ನಡುಮಧ್ಯೆ ತನ್ನ ಪಾಡಿಗೆ ತಾನು ಪೆಡಲ್ ತುಳಿಯುತ್ತಿದ್ದ. ನಾನು ಬಸ್ಸಿನಲ್ಲಿದ್ದಿದ್ದರೆ… ಬೇಡ, ಬರೆಯುವುದಿಲ್ಲ.

ರುಜ್ಜೇರೊ ಲ್ಯಾಪ್‌ಟಾಪ್ ಹಿಡಿದು ಮುಂದಕ್ಕೆ ಬಾಗಿದ. ಪರದೆಯನ್ನು ನನ್ನ ಕಡೆ ತಿರುಗಿಸಿದ, ಅಷ್ಟೆ. ಮಂಜಿನೊಳಗೆ ಹಳದಿ ಚೌಕ, ಅದರೊಳಗೆ ಮುದುಕ. ಎಂಬತ್ತು ಮೀಟರ್ ದೂರದಿಂದಲೇ.

ಇವಾನೊಗೆ ಹೇಳಿದೆ. ಹೇಳದೇ ಇರುವುದು ಮೋಸವಾಗುತ್ತಿತ್ತು. ಬ್ರೆಡ್ ಮುರಿಯುತ್ತಿದ್ದವನ ಕೈ ನಿಂತಿತು. “ಅದಕ್ಕೆ ಕಾಣ್ಸುತ್ತೆ, ಒಪ್ದೆ. ಆದ್ರೆ ಅದು ತನ್ನನ್ನ ನೋಡಿದೆ ಅಂತ ಸೈಕಲ್‌ನವ್ನಿಗೆ ಗೊತ್ತಾಗೋದು ಹೆಂಗೆ? ಅದು ಯಾವ ಮುಖ ಇಟ್ಕೊಂಡು ಹೇಳುತ್ತೆ?”

 ಊಟವಾದ ಮೇಲೂ ಅವನ ಮೇಲೆ ಸಿಟ್ಟು ಇಳಿಯಲಿಲ್ಲ.

ನವೆಂಬರ್ 11, ಮಂಗಳವಾರ

ಬೆಳಿಗ್ಗೆ ಮೀಟಿಂಗ್. ಇಲ್ಲಿನ ಸೈಕಲ್ಲಿನವರು ಕೈ ತೋರಿಸುವುದಿಲ್ಲ, ಸಿಗ್ನಲ್ ನೋಡುವುದಿಲ್ಲ, ಡ್ರೈವರನ ಮುಖ ನೋಡಿ ನುಗ್ಗುತ್ತಾರೆ ಎಂದು ರುಜ್ಜೇರೊನ ದೂರು. ಕಾರು ಬೇರೆ ಊರುಗಳಲ್ಲಿ ಕಲಿತ ಲೆಕ್ಕ ಇಲ್ಲಿ ಹೊಂದುತ್ತಿಲ್ಲವಂತೆ. ಆದರೂ ಒಂಬತ್ತು ಸಾವಿರ ಕಿಲೋಮೀಟರಿನಲ್ಲಿ ಒಂದು ಗೀರೂ ಇಲ್ಲ, ಅದು ನೋಡಿ ಆಶ್ಚರ್ಯ ಎಂದ. ಮೇಲಿನವರಿಗೆ ಬಹಳ ಸಂತೋಷವಂತೆ.

ನಿಯಮ ಹದಿನಾಲ್ಕನ್ನು ಮತ್ತೆ ಓದಿಸಿದರು. ‘ರಸ್ತೆಯಲ್ಲಿರುವ ಯಾರಿಗೂ ಕೈಸನ್ನೆ, ಕಣ್ಸನ್ನೆ, ತಲೆಸನ್ನೆ ಮಾಡತಕ್ಕದ್ದಲ್ಲ.’ ಸಹಿ ಹಾಕಿದೆ. ಇದು ಎರಡನೇ ಸಲ.

ಸಹಿ ಹಾಕುವುದು ಸುಲಭ. ಕತ್ತು ನನ್ನ ಮಾತು ಕೇಳಬೇಕಲ್ಲ. ಬಸ್ಸಿನಲ್ಲಿ ದಿನಕ್ಕೆ ಎಷ್ಟು ಸಲ ತಲೆಯಾಡಿಸುತ್ತಿದ್ದೆನೋ, ಲೆಕ್ಕವಿಟ್ಟವರು ಯಾರು? ಹೋಗಿ, ಬನ್ನಿ, ನಿಲ್ಲಿ, ಪರವಾಗಿಲ್ಲ. ಅದಿಲ್ಲದೆ ಈ ಊರಲ್ಲಿ ಬಸ್ ಒಂದು ಬೀದಿ ದಾಟುತ್ತಿರಲಿಲ್ಲ. ಈಗ ಮರದ ಬೊಂಬೆ ಹಾಗೆ ಕೂರಬೇಕು. ಜನ ನನ್ನ ಮುಖ ನೋಡುತ್ತಾರೆ. ಸೀಟಿನಲ್ಲಿ ಕೂತವಳೇ ಓಡಿಸುವವಳು ಅಂದುಕೊಳ್ಳುತ್ತಾರೆ.

ಸಿನ್ಯೋರಾ ಆರ್ಜಿಯಾ ಅವರೂ ಹಾಗೆಯೇ. ಮಂಡಿನೋವಿದ್ದಾಗ ಎರಡು ವರ್ಷ ನನ್ನ ಬಸ್ಸಿನಲ್ಲೇ ಓಡಾಡಿದವರು. ಶಾಲೆಯ ಅಡುಗೆ ಕೆಲಸದಿಂದ ನಿವೃತ್ತಿ, ವಯಸ್ಸು ಎಪ್ಪತ್ತೆರಡು. ಮಂಡಿ ಸರಿಹೋದ ಮೇಲೆ ಮತ್ತೆ ಸೈಕಲ್. ದಿನಾ ಎಂಟೂಕಾಲಿಗೆ ಚರ್ಚಿನ ಪಕ್ಕದ ಓಣಿಯಿಂದ ಬ್ರೆಡ್ ತರಲು ಹೊರಡುತ್ತಾರೆ. ನಮ್ಮ ಕಾರೂ ದಿನಾ ಆ ಹೊತ್ತಿಗೇ ಅಲ್ಲಿ. ಕುತ್ತಿಗೆ ಬಗ್ಗಿಸಿ ಗಾಜಿನೊಳಗೆ ನನ್ನನ್ನು ಹುಡುಕಿ, ಕಂಡ ಮೇಲೆಯೇ ರಸ್ತೆಗೆ ಇಳಿಯುವುದು.

ನವೆಂಬರ್ 19, ಬುಧವಾರ

ಬರೆಯಲಾಗುತ್ತಿಲ್ಲ. ಆರ್ಜಿಯಾ ಬದುಕಿದ್ದಾರೆ. ತೊಡೆಮೂಳೆ ಮುರಿದಿದೆ.

ನವೆಂಬರ್ 20, ಗುರುವಾರ. ಬೆಳಿಗ್ಗೆ 5.40

ಇವಾನೊ ಮಲಗಿದ್ದಾನೆ. ನಿನ್ನೆ ಆದದ್ದನ್ನು ಆದ ಹಾಗೆಯೇ ಬರೆದಿಡುತ್ತೇನೆ.

ಮಂಜಿರಲಿಲ್ಲ. ಒಳ್ಳೆಯ ಬಿಸಿಲು. ನಮ್ಮ ಮುಂದೆ ಒಂದು ವ್ಯಾನು, ಹೂವಿನ ಅಂಗಡಿಗೆ ಕುಂಡ ಇಳಿಸುತ್ತಿತ್ತು. ಕಾರು ಅದರ ಹಿಂದೆ ನಿಂತಿತು. ಬಲಕ್ಕೆ ಓಣಿಯ ಬಾಯಲ್ಲಿ ಆರ್ಜಿಯಾ, ಒಂದು ಕಾಲು ನೆಲದ ಮೇಲೆ. ಕುತ್ತಿಗೆ ಬಗ್ಗಿಸಿದರು. ನನ್ನನ್ನು ನೋಡಿದರು.

ನಾನು ತಲೆಯಾಡಿಸಿದೆ.

ಅವರು ಪೆಡಲ್ ಒತ್ತಿದರು. ಅದೇ ಗಳಿಗೆಗೆ ವ್ಯಾನು ಹೊರಟಿತು. ದಾರಿ ತೆರವಾಯಿತು ಅಂತ ಕಾರೂ ಹೊರಟಿತು. ನಾನು ಬ್ರೇಕ್ ತುಳಿದೆ. ಅದೂ ತುಳಿಯಿತು. ವೇಗ ಏನೂ ಇರಲಿಲ್ಲ… ಸೈಕಲ್ಲಿನ ಹಿಂಚಕ್ರಕ್ಕೆ ತಾಗಿತು, ಅಷ್ಟೆ. ಅವರು ಕಲ್ಲಿನ ಅಂಚಿನ ಮೇಲೆ ಮಗ್ಗುಲಾಗಿ ಬಿದ್ದರು. ಬಿದ್ದ ಸದ್ದು ಒಣ ಸೌದೆಯ ಹಾಗೆ.

ಇಳಿದು ಅವರ ಹತ್ತಿರ ಓಡಿದೆ. ನನ್ನ ಕೈ ಹಿಡಿದು, ಸ್ಕರ್ಟ್ ಸರಿ ಮಾಡು ಎಂದರು.

ಟ್ರಾಫಿಕ್ ಪೊಲೀಸರು ಕೇಳಿದಾಗ ನಾನು ಹೇಳಿದ್ದು: ತಟ್ಟನೆ ಬಂದುಬಿಟ್ಟರು. ಅವರು ಬರೆದುಕೊಂಡರು. ತಟ್ಟನೆ ಬಂದದ್ದು ನಿಜ. ಯಾಕೆ ಬಂದರು ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನವೆಂಬರ್ 22, ಶನಿವಾರ

ಕಂಪನಿಯವರು ಎರಡು ಗಂಟೆ ಕೂರಿಸಿಕೊಂಡರು. ರುಜ್ಜೇರೊ ಎಲ್ಲವನ್ನೂ ತೆರೆದು ತೋರಿಸಿದ. ಕಾರಿಗೆ ಆರ್ಜಿಯಾ ಮೊದಲೇ ಕಂಡಿದ್ದರು. ಕಾಲು ನೆಲದ ಮೇಲಿದೆ, ಓಣಿಯಿಂದ ಬರುವವರು ದಾರಿ ಬಿಡಬೇಕು, ಹಾಗಾಗಿ ಕಾಯುತ್ತಾರೆ — ಇದು ಕಾರಿನ ಎಣಿಕೆ. ನಾನು ಬ್ರೇಕ್ ತುಳಿದದ್ದು ಅರ್ಧ ಸೆಕೆಂಡಿನೊಳಗೆ. ಕಣ್ಣು ರಸ್ತೆಯ ಮೇಲೇ ಇತ್ತು. ಒಳಗಿನ ಕ್ಯಾಮೆರಾ ಅಷ್ಟನ್ನೇ ಬರೆದಿಡುತ್ತದೆ, ಚಿತ್ರ ಉಳಿಸಿಕೊಳ್ಳುವುದಿಲ್ಲ. ನಮ್ಮ ಯೂನಿಯನ್ನೇ ಜಗಳಾಡಿ ಆ ಷರತ್ತು ಹಾಕಿಸಿತ್ತು.

ಹಿಂದಿನ ಸೀಟಿನ ರುಜ್ಜೇರೊನ ಕಣ್ಣು ಆಗ ಲ್ಯಾಪ್‌ಟಾಪಿನಲ್ಲಿತ್ತು. ಅಂದರೆ ಆ ತಲೆಯಾಟ ಎಲ್ಲೂ ಇಲ್ಲ. ನನ್ನೊಳಗೆ, ಅವರೊಳಗೆ ಬಿಟ್ಟರೆ.

“ನಿಮ್ದು ಒಂಚೂರೂ ತಪ್ಪಿಲ್ಲ ಮಿರೆಲ್ಲಾ ಅವ್ರೇ” ಎಂದ ರುಜ್ಜೇರೊ. ಭುಜ ಮುಟ್ಟಿದ. ಒಳ್ಳೆಯ ಮನುಷ್ಯ. ಬಾತ್‌ರೂಮಿಗೆ ಹೋಗಿ ಕೈ ತೊಳೆದೆ, ಮತ್ತೆ ತೊಳೆದೆ.

ಪೇಪರಿನಲ್ಲಿ ಬಂದಿದೆ: ವೃದ್ಧೆ ದಾರಿ ಬಿಡದೆ ನುಗ್ಗಿದ್ದೇ ಕಾರಣ.

ನವೆಂಬರ್ 30, ಭಾನುವಾರ

ಎಂಟು ದಿನ ಈ ಪುಸ್ತಕ ಮುಟ್ಟಲಿಲ್ಲ. ರಜೆ ಹಾಕಿಸಿದ್ದಾರೆ, ಮನಸ್ಸು ಸರಿಹೋಗಲಿ ಅಂತ. ಅಡುಗೆಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ತೊಳೆದೆ. ಮುಗಿದ ಮೇಲೆ ಮೊದಲಿನದರಿಂದ ಮತ್ತೆ ಶುರು ಮಾಡಿದೆ.

ಆರ್ಜಿಯಾ ಅವರ ಸೈಕಲ್ ಇವಾನೊನ ಅಂಗಡಿಗೇ ಬಂದಿದೆ. ಹಿಂಚಕ್ರ 8 ಅಂಕಿಯ ಹಾಗೆ ಮಡಚಿಕೊಂಡಿದೆ. ಮಗಳು ಕ್ಲೆಲಿಯಾ ತಂದಿಟ್ಟು, ರಿಪೇರಿ ಬೇಡ, ಯಾರಿಗಾದರೂ ಕೊಟ್ಟುಬಿಡಿ ಎಂದಳಂತೆ. ಅಮ್ಮ ಇನ್ನು ಸೈಕಲ್ ಹತ್ತುವುದಿಲ್ಲ, ತಪ್ಪು ತನ್ನದೇ ಅಂತ ಒಪ್ಪಿಕೊಂಡಿದ್ದಾಳೆ ಎಂದೂ ಹೇಳಿದಳಂತೆ.

ಅಂಗಡಿಗೆ ಬಂದವರೆಲ್ಲ ಅದೇ ಮಾತು. ಆ ವಯಸ್ಸಿಗೆ ಸೈಕಲ್ ಯಾಕೆ, ಎಪ್ಪತ್ತು ದಾಟಿದವರಿಗೆ ಪರೀಕ್ಷೆ ಇಡಬೇಕು. ಇವಾನೊ ಹೇಳುತ್ತಾ ಹೋದ, ನಾನು ತಟ್ಟೆ ಒರೆಸುತ್ತಾ ಹೋದೆ. ಒಂದು ತಟ್ಟೆ ಒಡೆಯಿತು.

ಡಿಸೆಂಬರ್ 2, ಮಂಗಳವಾರ. ಸಂಜೆ

ಆಸ್ಪತ್ರೆಗೆ ಹೋಗಿದ್ದೆ. ಕಿತ್ತಳೆ ಹಣ್ಣು ತೆಗೆದುಕೊಂಡು.

ಆರ್ಜಿಯಾ ಇನ್ನಷ್ಟು ಚಿಕ್ಕವರಾಗಿ ಕಂಡರು. ಬಸ್ಸಿನ ವಿಷಯ, ಆಸ್ಪತ್ರೆಯ ಉಪ್ಪಿಲ್ಲದ ಸಾರಿನ ವಿಷಯ ಮಾತಾಡಿದರು. ನನಗೇ ಸಮಾಧಾನ ಹೇಳಿದರು, ನೀನೇನು ಮಾಡಲಾಗುತ್ತಿತ್ತು ಅಂತ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಒಂದ್ ಮಾತು ಹೇಳ್ಲಾ ಮಿರೆಲ್ಲಾ? ಅವತ್ತು ಯಾರೋ ಹೋಗು ಅಂದ ಹಾಗಾಯ್ತು ಕಣೇ ನಂಗೆ. ಯಾರು ಅಂತ ಗೊತ್ತಿಲ್ಲ. ಕ್ಲೆಲಿಯಾಗ್ ಹೇಳಿದ್ರೆ, ಅಮ್ಮ ನೀನು ಕಲ್ಪನೆ ಮಾಡ್ಕೊಂಡಿದೀಯ ಅಂತಾಳೆ. ಶುಕ್ರವಾರ ಮರೆವಿನ ಡಾಕ್ಟ್ರು ನೋಡ್ತಾರಂತೆ. ನಮ್ಮಮ್ಮಂಗೂ ಹಿಂಗೇ ಶುರುವಾಗಿತ್ತು.”

ಕಿತ್ತಳೆ ಸುಲಿಯುತ್ತಿದ್ದೆ. ಸುಲಿದು ಒಂದೊಂದೇ ತೊಳೆ ಬಿಡಿಸಿ ಕೈಗೆ ಕೊಟ್ಟೆ. ಬಿಳಿ ನಾರನ್ನೂ ತೆಗೆದೆ. ಬಾಯಿ ತೆರೆದೆ, ಸಾರಿಗೆ ಉಪ್ಪು ತಂದುಕೊಡಲಾ ಅಂತ ಕೇಳಿದೆ. ಅಷ್ಟೇ ಬಂದದ್ದು.

ಬಸ್ಸಿಗೆ ಕಾಯಲಾರದೆ ಒಂದು ಗಂಟೆ ನಡೆದು ಬಂದೆ.

ಡಿಸೆಂಬರ್ 3, ಬುಧವಾರ

ಇವಾನೊಗೆ ಹೇಳಿಬಿಟ್ಟೆ. ಅಂಗಡಿಗೇ ಹೋಗಿ. ಮಧ್ಯಾಹ್ನದ ಬಿಡುವಿನಲ್ಲಿ ಷಟರ್ ಅರ್ಧ ಎಳೆದಿತ್ತು.

ಬೈಯುತ್ತಾನೆ ಅಂದುಕೊಂಡಿದ್ದೆ. ಸೈಕಲ್ ಸಂಘದವನು, ಮೂರು ತಿಂಗಳಿಂದ ನನ್ನ ಕೆಲಸವನ್ನು ಆಡಿಕೊಂಡವನು. ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಗೆ ಒರೆಸುತ್ತಾ ನಿಂತ. ಒರೆಸುವುದು ಮುಗಿಯಲೇ ಇಲ್ಲ.

“ಹೇಳ್ಬೇಡ” ಎಂದ.

ನನಗೆ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡೆ.

“ನೀನ್ ಹೇಳಿದ್ ತಕ್ಷಣ ಕಂಪನಿಯವ್ರು ಬಚಾವ್ ಕಣೇ. ಮನುಷ್ಯರ ತಪ್ಪು, ನಮ್ಮ ಕಾರು ಸರಿಯಾಗೇ ಇತ್ತು ಅಂತ ಪೇಪರಲ್ಲಿ ಹಾಕಿಸ್ತಾರೆ. ನಿನ್ ಲೈಸೆನ್ಸ್ ಹೋಗುತ್ತೆ, ಕೇಸ್ ಬೀಳುತ್ತೆ. ಜನವರೀಲಿ ಆ ಸಿಸ್ಟರು ಒಬ್ಳೇ ರಸ್ತೆಗಿಳೀತಾಳೆ, ಇನ್ನೂ ಧೈರ್ಯವಾಗಿ.”

ಮತ್ತೆ ಆರ್ಜಿಯಾ? ತಲೆ ಕೆಟ್ಟಿದೆ ಅಂತ ಅವರು ನಂಬಿಕೊಂಡು ಕೂತಿದ್ದಾರಲ್ಲ ಎಂದೆ.  ಅವನು ಮೂಲೆಯಲ್ಲಿದ್ದ ಅವರ ಸೈಕಲ್ ಕಡೆ ನೋಡಿದ, ನನ್ನ ಕಡೆ ನೋಡಿದ, ಷಟರ್ ಎತ್ತಿದ.

ಅವನು ಹೇಳಿದ್ದು ಸುಳ್ಳಲ್ಲ, ಅದೇ ಕಷ್ಟ. ನಾನು ಸುಮ್ಮನಿದ್ದರೆ ತಪ್ಪು ಮುದುಕಿಯದು. ಬಾಯಿಬಿಟ್ಟರೆ ನನ್ನದು. ಎರಡರಲ್ಲೂ ಕಾರಿನದಲ್ಲ.

ಡಿಸೆಂಬರ್ 4, ಗುರುವಾರ. ಸಂಜೆ 7

ನಾಳೆ ಶುಕ್ರವಾರ. ಮರೆವಿನ ಡಾಕ್ಟರು. ಆ ವಿಚಾರವೇ ಬೆಳಗಿನಿಂದ ತಲೆಯಲ್ಲಿ. ಮೂರು ಗಂಟೆಗೆ ಕೋಟು ಹಾಕಿಕೊಂಡು ಹೊರಟುಬಿಟ್ಟೆ.

ಕ್ಲೆಲಿಯಾ ಇರಲಿಲ್ಲ. ಕುರ್ಚಿಯಲ್ಲಿ ಕೂರಲಿಲ್ಲ, ಮಂಚದ ಕಾಲ ಬಳಿ ನಿಂತೇ ಹೇಳಿದೆ. “ಹೋಗಿ ಅಂದಿದ್ದು ನಾನು, ಸಿನ್ಯೋರಾ. ತಲೆ ಆಡಿಸ್ದೆ. ಕಾರು ನನ್ನ ಕೈಲಿರ್ಲಿಲ್ಲ, ಆದ್ರೂ ಆಡಿಸ್ದೆ. ಪೊಲೀಸ್‌ನವ್ರಿಗೆ ಹೇಳ್ಲಿಲ್ಲ.”

 ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ. ಕಣ್ಣು ಮುಚ್ಚಿ ಉಸಿರು ಬಿಟ್ಟರು.

“ಅಂದ್ರೆ ನನ್ ತಲೆ ನೆಟ್ಟಗಿದೆ.”

ಫೋನ್ ಎತ್ತಿ ಮಗಳಿಗೆ ಹಚ್ಚಿದರು. ನನ್ನ ಕಡೆ ಚಾಚಿ, “ಅವ್ಳಿಗ್ ಹೇಳು. ಈಗ ಹೇಳಿದ್ಯಲ್ಲ, ಅಷ್ಟನ್ನೂ ಹೇಳು” ಎಂದರು. ಹೇಳಿದೆ. ಕ್ಲೆಲಿಯಾ ಆ ಕಡೆಯಿಂದ ಏನೇನು ಅಂದಳೋ ಬರೆಯಲಾರೆ. ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಫೋನ್ ಇಟ್ಟ ಮೇಲೆ ಆರ್ಜಿಯಾ ಗೋಡೆಯ ಕಡೆ ತಿರುಗಿಕೊಂಡರು. “ಹದಿನೈದು ದಿನ” ಎಂದರು. “ಹದಿನೈದು ದಿನ ನಾನು ನಮ್ಮಮ್ಮನ್ ಥರ ಆಗೋದ್ನೇ ಯೋಚ್ನೆ ಮಾಡ್ತಾ ಬಿದ್ದಿದ್ದೆ. ಹೋಗೀಗ.”

ಬಂದೆ.

ಡಿಸೆಂಬರ್ 5, ಶುಕ್ರವಾರ

ಬೆಳಿಗ್ಗೆ ಪೊಲೀಸ್ ಕಚೇರಿ. ಹೊಸ ಹೇಳಿಕೆ, ನಾಲ್ಕು ಪುಟ. ಲೈಸೆನ್ಸ್ ಅಲ್ಲೇ ಇಟ್ಟುಕೊಂಡರು. ಇಪ್ಪತ್ತೇಳು ವರ್ಷ ಪರ್ಸಿನಲ್ಲಿದ್ದದ್ದು. ಪರ್ಸು ಹಗುರವಾಗಿ ಮತ್ತೆ ಮತ್ತೆ ತೆರೆದು ನೋಡುತ್ತಿದ್ದೇನೆ.

ಅಲ್ಲಿಂದ ನೇರ ಶೆಡ್ಡಿಗೆ. ರುಜ್ಜೇರೊಗೆ ನಾನೇ ಹೇಳಬೇಕಿತ್ತು. ಅವನು ಮೊದಲು ಕೆಂಪಾದ. ನಿಯಮ ಹದಿನಾಲ್ಕು ಎಂದ, ಎರಡೆರಡು ಸಲ ಸಹಿ ಹಾಕಿದ್ದೀರಿ ಎಂದ. ಹೌದು ಎಂದೆ. ಆಮೇಲೆ ಏನೋ ಹೊಳೆದವನ ಹಾಗೆ ನಿಂತ.

“ಅವತ್ತೊಂದೇ ದಿನಾನಾ?”

ಅಲ್ಲ ಎಂದೆ.

ಕುರ್ಚಿ ಎಳೆದು ಕೂರಿಸಿದ. ಅಕ್ಟೋಬರಿನ ಯಾವುದೋ ದಿನದ ರಸ್ತೆಯ ವಿಡಿಯೋ ಹಾಕಿದ. ಸೈಕಲ್ಲುಗಳು ಅಡ್ಡ ಬಂದು ದಾಟಿಹೋದ ಕಡೆಯೆಲ್ಲ ನಿಲ್ಲಿಸಿ ಕೇಳಿದ, ಇಲ್ಲಿ? ಇಲ್ಲಿ? ಪರದೆಯಲ್ಲಿ ಪ್ರತಿಯೊಬ್ಬರೂ ನನ್ನತ್ತಲೇ ನೋಡುತ್ತಿದ್ದರು. ಮುಖ ಸಡಿಲವಾಗುತ್ತಿತ್ತು, ಆಮೇಲೆ ಹೊರಡುತ್ತಿದ್ದರು ಅಥವಾ ನಿಲ್ಲುತ್ತಿದ್ದರು. ಮೂವತ್ತೊಂದು ಕಡೆ ನಿಲ್ಲಿಸಿದ. ಹತ್ತೊಂಬತ್ತರಲ್ಲಿ ನಾನು ತಲೆಯಾಡಿಸಿದ್ದು ಖಂಡಿತ.

ರುಜ್ಜೇರೊ ಲ್ಯಾಪ್‌ಟಾಪ್ ಮುಚ್ಚಿದ. “ಒಂಬತ್ತು ಸಾವಿರ ಕಿಲೋಮೀಟರ್” ಎಂದ. “ಸೈಕಲ್‌ನವ್ರನ್ನ ಸಂಭಾಳಿಸೋದು ಕಾರಿಗೆ ಗೊತ್ತಿದೆ ಅಂತ ನಾನ್ ಬರ್ದಿದ್ದೆ. ನೀವು ಓಡಿಸ್ತಾ ಇದ್ರಿ.”

ಜನವರಿಗೆ ಆ ಸೀಟು ಖಾಲಿ ಬಿಡುವುದಿತ್ತು. ಅವನೂ ಅದನ್ನೇ ಯೋಚಿಸುತ್ತಿದ್ದ. ಇಬ್ಬರೂ ಆ ಕಾರನ್ನು ನೋಡುತ್ತಾ ಕೂತೆವು.

ಡಿಸೆಂಬರ್ 11, ಗುರುವಾರ

ಇವಾನೊ ಹೇಳಿದಂತೆಯೇ ಆಯಿತು. ಕಂಪನಿಯ ಪ್ರಕಟಣೆ: ಸಿಬ್ಬಂದಿಯ ನಿಯಮ ಉಲ್ಲಂಘನೆಯೇ ಕಾರಣ, ವಾಹನದಲ್ಲಿ ದೋಷವಿಲ್ಲ. ನನ್ನನ್ನು ತೆಗೆದುಹಾಕಿದ ಪತ್ರವೂ ಬಂತು. ಎರಡು ಸಾಲು.

ಇವಾನೊ ಪೇಪರ್ ಮಡಚಿ ಒಲೆಯ ಪಕ್ಕ ಇಟ್ಟ. ನಾ ಹೇಳಿರಲಿಲ್ಲವಾ ಅನ್ನಲಿಲ್ಲ. ಕುಂಬಳಕಾಯಿ ತುಂಬಿದ ಪಾಸ್ತಾ ಅವನೇ ಮಾಡಿದ, ಹೂರಣವೆಲ್ಲ ನೀರಿಗೆ ಬಿಟ್ಟುಕೊಂಡಿತ್ತು. ತಿಂದೆವು.

ಬೀದಿಯಲ್ಲಿ ಸೈಕಲ್ ಸಂಘದ ಇಬ್ಬರು ಮುಖ ತಿರುಗಿಸಿಕೊಂಡು ಹೋದರು. ಒಬ್ಬಳು ನಿಂತು ಕೈ ಕುಲುಕಿದಳು. ಯಾವುದರಿಂದ ಹೆಚ್ಚು ನೋವಾಯಿತೋ ಗೊತ್ತಿಲ್ಲ.

ಡಿಸೆಂಬರ್ 20, ಶನಿವಾರ

ರುಜ್ಜೇರೊ ಫೋನ್ ಮಾಡಿದ್ದ, ರೈಲ್ವೆ ಸ್ಟೇಷನ್ನಿನಿಂದ. ತೊರಿನೊಗೆ ವಾಪಸ್ಸಂತೆ. ತಾನೇ ಕೇಳಿಕೊಂಡದ್ದೋ, ಅವರೇ ಕಳಿಸಿದ್ದೋ, ಹೇಳಲಿಲ್ಲ. ತನ್ನ ರಿಪೋರ್ಟನ್ನು ಕಂಪನಿಗಷ್ಟೇ ಅಲ್ಲದೆ ಕಾರಿನ ಪರೀಕ್ಷೆಗೆ ಅನುಮತಿ ಕೊಡುವ ಸರ್ಕಾರದವರಿಗೂ ಕಳಿಸಿದ್ದಾನೆ, ಆ ಹತ್ತೊಂಬತ್ತು ವಿಡಿಯೋ ತುಣುಕುಗಳ ಸಮೇತ. ಖಾಲಿ ಸೀಟಿನ ಓಡಾಟ ಸದ್ಯಕ್ಕೆ ನಿಂತಿದೆ. ಎಷ್ಟು ದಿನ ಅಂತ ಅವನಿಗೂ ಗೊತ್ತಿಲ್ಲ. ಮಂಜಿನಲ್ಲಿ ಆ ಕಾರು ನನಗಿಂತಲೂ ನಿಮಗಿಂತಲೂ ಚೆನ್ನಾಗಿ ನೋಡುತ್ತದೆ, ಅದನ್ನು ಮಾತ್ರ ಮರೆಯಬೇಡಿ ಎಂದ. ಮರೆತಿಲ್ಲ ಎಂದೆ. ರೈಲು ಬಂದ ಸದ್ದು ಕೇಳಿಸಿತು.

ಜನವರಿ 9, ಶುಕ್ರವಾರ. ಸಂಜೆ 5

ಆರ್ಜಿಯಾ ಹೇಳಿಕಳಿಸಿದ್ದರು. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಿದ್ದಾರೆ. ಕಾಫಿ ತಾವೇ ಮಾಡಿದರು, ನನ್ನನ್ನು ಏಳಗೊಡಲಿಲ್ಲ.

ಕೇಸ್ ಹಾಕುತ್ತಾರಂತೆ. “ಕಂಪನಿ ಮೇಲ್ ಹಾಕ್ತೀನಿ. ನಿನ್ ಮೇಲೂ ಹಾಕ್ತೀನಿ ಕಣಮ್ಮಾ, ಆಮೇಲ್ ಗೊತ್ತಾಗಿ ಬೇಜಾರ್ ಮಾಡ್ಕೋಬೇಡ, ಈಗ್ಲೇ ಹೇಳ್ತಿದೀನಿ.”

“ಹಾಕಿ” ಎಂದೆ.

“ಸಾಕ್ಷಿ ಹೇಳೋಕೂ ನೀನೇ ಬರ್ಬೇಕು.”

ಬರುತ್ತೇನೆ ಎಂದೆ. ಬಿಸ್ಕತ್ತಿನ ಡಬ್ಬಿ ನನ್ನ ಕಡೆ ತಳ್ಳಿದರು. ಕ್ಷಮಿಸಿದ್ದಾರೆ ಅಂತ ಅನ್ನಿಸಲಿಲ್ಲ. ಆದರೂ ಆ ಮನೆಯಲ್ಲಿ ಕೂತಷ್ಟು ಹೊತ್ತು ನನ್ನ ಕಾಲು ಅಲುಗಾಡಲಿಲ್ಲ, ಹೊರಗೆ ಬಂದ ಮೇಲೆ ಗಮನಿಸಿದೆ.

ಸೋಮವಾರ ಆರ್ಜಿಯಾ ಅವರ ಮನೆಗೆ ಅವರ ವಕೀಲರು ಬರುತ್ತಾರೆ, ನಾನೂ ಹೋಗಬೇಕು. ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು, ಬರೆದು ತನ್ನಿ ಎಂದರು. ಆ ತಲೆಯಾಟ ದಾಟಿಹೋಗಿ ಅಂತಲೋ, ಬರೀ ನಮಸ್ಕಾರ ಅಂತಲೋ? ಕೋರ್ಟಿನಲ್ಲಿ ಎಲ್ಲವೂ ಅದರ ಮೇಲೇ ನಿಲ್ಲುತ್ತದಂತೆ.

ಇದೇನು ಪ್ರಶ್ನೆ ಅಂತ ನಗು ಬಂತು. ಮನೆಗೆ ಬಂದು ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತೆ. ಹೋಗಿ ಅಂತ ಒಂದು ಸಲ ಮಾಡಿದೆ. ನಮಸ್ಕಾರ ಅಂತ ಒಂದು ಸಲ. ಮತ್ತೊಮ್ಮೆ ಹೋಗಿ. ಇವಾನೊನನ್ನು ಕರೆದು ತೋರಿಸಿದೆ, ಎರಡೂ ಒಂದೇ ಥರ ಇದೆಯಲ್ಲೇ ಎಂದ. ಅವನನ್ನು ಆಚೆ ಕಳಿಸಿ ಬಾಗಿಲು ಹಾಕಿಕೊಂಡೆ.

ಬಿಸಿಲಿತ್ತು. ವ್ಯಾನು ನಿಂತಿತ್ತು. ಅವರು ಕುತ್ತಿಗೆ ಬಗ್ಗಿಸಿದರು, ನನ್ನನ್ನು ಕಂಡು ಕಣ್ಣು ಸ್ವಲ್ಪ ನಕ್ಕವು. ಆಗ ನಾನು, ಮೊದಲು ಗಲ್ಲ ಒಂಚೂರು ಮೇಲೆತ್ತಿ, ಆಮೇಲೆ… ಅಲ್ಲ. ಮೊದಲೇ ಕೆಳಗೆ. ನಾನು ಆಗ ಮನಸ್ಸಿನಲ್ಲಿ ಅಂದುಕೊಂಡದ್ದು — ಹೋಗಿ ಅಂತ ಬರೆದು ಹೊಡೆದುಹಾಕಿದೆ, ನಮಸ್ಕಾರ ಅಂತ ಬರೆದು ಅದನ್ನೂ ಹೊಡೆದುಹಾಕಿದೆ.